ಗೊಂಬೆಯ ಎದೆ

ನರ್ಸಿಂಗ್ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಆ ಹುಡುಗಿ ಎರಡನೇ ಸಲವೂ ಫೇಲಾದಾಗ ಅವಳಿಗಿಂತ ಹೆಚ್ಚು ನೊಂದುಕೊಂಡವರು ಅವಳಿಗೆ ಪಾಠ ಹೇಳಿದ ಮೇಡಂ. ನಿಂತುಹೋದ ಹೃದಯವನ್ನು ಎದೆಯೊತ್ತಿ ಮತ್ತೆ ನಡೆಸುವುದರಲ್ಲಿ ಇಡೀ ತರಗತಿಗೇ ಅವಳ ಕೈ ಮೇಲು. ಆದರೆ ಪರೀಕ್ಷಕರು "ಸಾಕು" ಎಂದರೂ ಅವಳು, ರೋಗಿಯ ಬದಲು ಮಲಗಿಸಿದ್ದ ಗೊಂಬೆಯ ಎದೆಯಿಂದ ಕೈ ತೆಗೆಯಲಿಲ್ಲ. ಗಂಟೆ ಹೊಡೆಯಿತು, ಉಳಿದ ಮೇಜುಗಳಲ್ಲಿ ಅವಳು ಮಾಡಿ ತೋರಿಸಬೇಕಿದ್ದ ಕೆಲಸವೆಲ್ಲ ಹಾಗೇ ಉಳಿಯಿತು. ಹೋದ ಸಲ ಆದದ್ದೂ ಇದೇ.

ಎಲ್ಲರೂ ಹೋದ ಮೇಲೂ ಅವಳು ಅಲ್ಲೇ ನಿಂತು ಗೊಂಬೆಯ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಮೇಡಂಗೆ ರೇಗಿಹೋಯಿತು.

"ಪ್ಲಾಸ್ಟಿಕ್ ಗೊಂಬೆ ಕಣೇ ಅದು! ಒತ್ತುತ್ತಾ ಇದ್ರೆ ಜೀವ ಬರುತ್ತೆ ಅಂದ್ಕೊಂಡ್ಯಾ?"

"ಇಲ್ಲ ಮೇಡಂ."

"ಇನ್ನೊಂದ್ಸಲ ಪರೀಕ್ಷೆಗೆ ಕೂರ್ತೀಯೋ, ಇಲ್ಲಾ ಬಿಟ್ಬಿಡ್ತೀಯೋ?"

"ಕೂರ್ತೀನಿ."

"ಆಗ್ಲಾದ್ರೂ ಸಾಕು ಅಂದ ತಕ್ಷಣ ನಿಲ್ಲಿಸ್ತೀಯಾ?"

ಹುಡುಗಿ ಕೊನೆಯ ಗುಂಡಿಯನ್ನೂ ಹಾಕಿ, ಅಂಗಿಯ ಸುಕ್ಕನ್ನು ಮೆಲ್ಲಗೆ ಸವರಿದಳು.

"ಅಪ್ಪಂಗೆ ಒತ್ತುತ್ತಿದ್ದಾಗ ಎಲ್ರೂ ಸಾಕು ಬಿಡಮ್ಮ ಅಂದ್ರು ಮೇಡಂ. ನಿಲ್ಲಿಸ್ಬಿಟ್ಟೆ."