ಮುಚ್ಚಳ ಹಾಕಿದ ಪೆನ್ನು

ಕಾಲೇಜಿನ ಕಲಿಕಾ ಕೇಂದ್ರದ ನಿಯಮಗಳಲ್ಲೆಲ್ಲ ಪರಮ ಗಂಭೀರವಾದದ್ದು ಏಳನೆಯದು: ಪಾಠ ಹೇಳಿಕೊಡುವ ವಿದ್ಯಾರ್ಥಿಯ ಪೆನ್ನಿಗೆ ಸದಾ ಮುಚ್ಚಳವಿರತಕ್ಕದ್ದು. ತಪ್ಪನ್ನು ತೋರಿಸುವಂತಿಲ್ಲ, ಪ್ರಶ್ನೆ ಮಾತ್ರ ಕೇಳಬಹುದು.

ಗಣಿತ ಹೇಳಿಕೊಡುವ ಹುಡುಗಿಯ ಎದುರು ಕೂತಿದ್ದವನು ಕೆಲಸದ ನಡುವೆ ಡಿಗ್ರಿ ಓದುತ್ತಿದ್ದ ಬಸ್ ಡ್ರೈವರ್. ಲೆಕ್ಕದ ಮೂರನೇ ಸಾಲಿನಲ್ಲಿ ಮೈನಸ್ ಚಿಹ್ನೆ ಬಿಟ್ಟಿದ್ದ. ಅಂಕಕ್ಕೆ ಸೇರುವ ಆ ಅಸೈನ್‌ಮೆಂಟ್ ಹಾಳೆ ಒಪ್ಪಿಸಲು ಐದು ನಿಮಿಷವಿತ್ತು. ಈ ಸಲವೂ ಫೇಲಾದರೆ ಅವನ ಸೀಟು ಹೋಗುತ್ತಿತ್ತು.

"ಅಣ್ಣ, ಮೂರನೇ ಸಾಲು ಇನ್ನೊಂದ್ಸಲ ನೋಡ್ತೀರಾ?"

"ನೋಡ್ದೆ ಮೇಡಂ. ರೋಡ್ ಕ್ಲಿಯರ್."

"ನಿಜವಾಗ್ಲೂ?"

ಅವನಿಗೆ ಅನುಮಾನ ಹುಟ್ಟಿತು. ಸರಿಯಾಗಿದ್ದ ಎರಡನೇ ಸಾಲನ್ನು ಹೊಡೆದುಹಾಕಿ, ಬೇರೇನೋ ಬರೆದು, "ಸದ್ಯ, ನೀವು ಕೇಳಿದ್ದು ಒಳ್ಳೇದಾಯ್ತು" ಎಂದ. ಅವಳ ಹೆಬ್ಬೆರಳು ಪೆನ್ನಿನ ಮುಚ್ಚಳವನ್ನು ಅರ್ಧ ಎತ್ತಿತು. ಮೂಲೆಯ ಮೇಜಿನಿಂದ ಮೇಲ್ವಿಚಾರಕಿ ಕನ್ನಡಕ ಏರಿಸಿ ನೋಡಿದರು. ಮುಚ್ಚಳ ಟಕ್ಕೆಂದು ಕೂತಿತು.

ಹಾಳೆ ಎರಡು ತಪ್ಪುಗಳೊಂದಿಗೆ ಹೋಯಿತು.