ತೊಳೆದ ಪಂಜರ

ಪಂಜರದಲ್ಲಿ ಒಂದು ಮರಿಯನ್ನು ಕಚ್ಚಿ ಕೊಂದ, ಇಲಿಯಂಥ ತಾಯಿ ಹ್ಯಾಮ್‌ಸ್ಟರ್ ಇನ್ನೊಂದರತ್ತ ತಿರುಗುವಷ್ಟರಲ್ಲಿ ಅಜ್ಜಿ ನಡುವೆ ರಟ್ಟಿನ ತುಂಡೊಂದನ್ನು ತೂರಿಸಿದರು. ರಟ್ಟಿನಾಚೆ ಹಲ್ಲು ಕೆರೆಯುವ ಸದ್ದು ನಿಲ್ಲಲೇ ಇಲ್ಲ. ಈಚೆ, ಕಣ್ಣು ತೆರೆಯದ ಐದು ಮರಿಗಳು ತಣ್ಣಗಾಗುತ್ತಿದ್ದವು.

"ನಿನ್ನೆಯೆಲ್ಲ ಹಾಲು ಕೊಟ್ಟಳಲ್ಲ, ಈಗೇನು ಬಂತು ಇವಳಿಗೆ?"

"ಬೆಳಿಗ್ಗೆ ನೀವು ಪಂಜರಾನ ಸೋಪು ಹಾಕಿ ಉಜ್ಜಿದ್ರಿ, ಮರಿಗಳನ್ನೂ ಒರೆಸಿಟ್ರಿ," ಎಂದಳು ಮೊಮ್ಮಗಳು, ಅಳು ನುಂಗುತ್ತ. "ಈಗ ತನ್ನ ವಾಸನೆ ಎಲ್ಲೂ ಸಿಗ್ತಿಲ್ಲ ಅದಕ್ಕೆ, ಮರಿಗಳ ಗುರುತೇ ಹತ್ತಿಲ್ಲ. ಇದೇನು ನಿಮ್ಮ ಆಪರೇಷನ್ ಥಿಯೇಟರಾ ಅಜ್ಜಿ?"

ಮೂವತ್ತಾರು ವರ್ಷ ನರ್ಸಾಗಿ, ಸರ್ಜನ್ನರ ಉಗುರನ್ನೂ ಪರೀಕ್ಷಿಸಿಯೇ ಒಳಬಿಟ್ಟಿದ್ದ ಅಜ್ಜಿ ಅತ್ತಿತ್ತ ಎರಡು ಸಲ ನಡೆದಾಡಿದರು. ಆಮೇಲೆ ನೇರವಾಗಿ ಅಡುಗೆಮನೆಗೆ ಹೋಗಿ, ಕಸದ ಡಬ್ಬದೊಳಕ್ಕೆ ಬರಿಗೈಯನ್ನು ಮೊಣಕೈಯವರೆಗೆ ಇಳಿಸಿದರು. ಬೆಳಿಗ್ಗೆ ತಾವೇ ಮೂಗು ಮುಚ್ಚಿಕೊಂಡು ಪಂಜರದಿಂದ ತೆಗೆದು ಎಸೆದಿದ್ದ, ಉಚ್ಚೆ ನಾರುವ ಮರದ ಹೊಟ್ಟನ್ನು ಬಾಚಿ ತಂದರು. ಮರಿಗಳನ್ನು ಒಂದೊಂದಾಗಿ ಅದರಲ್ಲಿ ಮೆಲ್ಲಗೆ ಹೊರಳಿಸಿ, ಮಿಕ್ಕ ಹೊಟ್ಟನ್ನು ಪಂಜರದ ಮೂಲೆಯಲ್ಲಿ ಗುಡ್ಡೆ ಹಾಕಿದರು.

"ರಟ್ಟು ತೆಗಿ."

"ತಿಂದ್ಬಿಟ್ರೆ?"

"ತೆಗಿ ಕಂದ. ಚಳಿಗೆ ಹೇಗೂ ಉಳಿಯಲ್ಲ ಇವು."

ತಾಯಿ ಬಂದು ಮೊದಲ ಮರಿಯನ್ನು ಮೂಸಿತು, ಮತ್ತೆ ಮೂಸಿತು, ಬಾಯಿ ತೆರೆದು ಅದರ ಕತ್ತನ್ನು ಹಿಡಿಯಿತು.

"ಕಚ್ತು ಅಜ್ಜಿ, ಬಿಡಿಸಿ!"

ಪಂಜರದೊಳಕ್ಕೆ ನುಗ್ಗಿದ ಮೊಮ್ಮಗಳ ಕೈಯನ್ನು ಅಜ್ಜಿ ಬಿಗಿಯಾಗಿ ಹಿಡಿದುಕೊಂಡರು. ತಾಯಿ ಮರಿಯನ್ನು ಮೂಲೆಗೆ ಒಯ್ದು ಹೊಟ್ಟಿನ ಮೇಲೆ ಇಳಿಸಿತು. ಇನ್ನೊಂದನ್ನು ಎತ್ತಿಕೊಳ್ಳಲು ಹಿಂದಿರುಗಿ ಬಂತು.