ಹಲ್ಲುಚಕ್ರದ ಮಗ್ಗುಲು

ಅಪ್ಪನ ಹಳೇ ಕಾರನ್ನು ತಮ್ಮ ತನಗೊಂದು ಮಾತೂ ಹೇಳದೆ ಮಾರಿಬಿಟ್ಟನೆಂದು ಜಯಶೀಲಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪನ ಗ್ಯಾರೇಜಿನಲ್ಲಿ ಕೈ ಕರಿ ಮಾಡಿಕೊಂಡು ಬೆಳೆದವಳು ಅವಳು. ಈಗ ಶೆಡ್ಡಿನ ಮುಂದೆ, ರಸ್ತೆಗೆ ಮುಖ ಮಾಡಿ ನಿಂತ ಕಾರಿನ ಕೆಳಗೆ ಎಂಜಿನ್ನಿನ ಸುತ್ತನ್ನು ಹಿಂದಿನ ಗಾಲಿಗಳಿಗೆ ದಾಟಿಸುವ ಡಿಫರೆನ್ಷಿಯಲ್ ಬಿಚ್ಚಿ ಹರಡಿತ್ತು.

"ಬೇಗ ಜೋಡ್ಸೇ ಅಕ್ಕ, ಕೊಂಡ ಸಾಹೇಬ್ರು ಕಾಯ್ತಾ ಇದಾರೆ."

"ಮಾರೋಕ್ ಮುಂಚೆ ನನ್ನ ಕೇಳ್ಬೇಕು ಅನ್ನಿಸ್ಲಿಲ್ವೇನೋ ನಿಂಗೆ?"

"ಗಂಡುಮಗ ನಾನು. ಅಪ್ಪನ ಗಾಡಿ ನಂದು. ನೀನು ಬಾಯಿ ಮುಚ್ಕೊಂಡು ಸ್ಪ್ಯಾನರ್ ಹಿಡಿ."

ಅವಳು ತಟ್ಟೆಯಗಲದ ಹಲ್ಲುಚಕ್ರವನ್ನು ಎತ್ತಿ ಹಿಡಿದಳು. "ಇದನ್ನ ಯಾವ ಮಗ್ಗುಲಿಗೆ ಕೂರಿಸ್ಲಿ ಯಜಮಾನ್ರೇ? ಎಡಕ್ಕೋ, ಬಲಕ್ಕೋ?"

"ಯಾವ ಮಗ್ಗುಲಾದ್ರೇನೇ! ಗಾಡಿ ಇವತ್ತು ಇಲ್ಲಿಂದ ಹೋಗ್ಬೇಕು, ಅಷ್ಟೇ!"

ಅವಳು ಹಲ್ಲುಚಕ್ರವನ್ನು ಮೊದಲಿದ್ದ ಮಗ್ಗುಲು ಬಿಟ್ಟು ಆಚೆ ಮಗ್ಗುಲಿಗೆ ಕೂರಿಸಿ ಕೆಲಸ ಮುಗಿಸಿದಳು.

ಸಾಹೇಬರನ್ನು ಪಕ್ಕದಲ್ಲಿ ಕೂರಿಸಿಕೊಂಡ ತಮ್ಮ, ಗತ್ತಿನಿಂದ ಮೊದಲ ಗೇರು ಹಾಕಿದ. ಕಾರು ಮೆಲ್ಲಗೆ ಹಿಂದಕ್ಕೆ ಸರಿಯಿತು. ಗಾಬರಿಯಾಗಿ ಎರಡನೆಯದು ಹಾಕಿದರೆ, ಇನ್ನೂ ಜೋರಾಗಿ ಹಿಂದಕ್ಕೋಡಿ ಶೆಡ್ಡಿನೊಳಗೆ ಹೋಗಿ ನಿಂತಿತು.